ಮನೆಮಾತು ಕಿತ್ಕೋಬೇಡಿ, ಆ ಮನೆಯನ್ನ ಒಂಟಿ ಮಾಡಬೇಡಿ

(ಮೊದಲು ಹಿಂದೂಪುರದಲ್ಲಿ, ಆಮೇಲೆ ಕಲ್ಯಾಣದುರ್ಗದಲ್ಲಿ ನಮ್ಮ ಗಡಿನಾಡ ಹುಡುಗರು ಹುಡುಗಿಯರು ಸೇರಿದಾಗ ಆಡಿದ ಮಾತು. ಬರೆದು ಹಾಕಿ ಅಂತ ಬಹಳ ಜನ ಕೇಳಿದ್ದರಿಂದ ಇಲ್ಲಿ ಹಾಕ್ತಿದ್ದೀವಿ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.)



ನಾವು ಡಾಕ್ಟರಲ್ಲ, ಮೇಷ್ಟ್ರೂ ಅಲ್ಲ. ಬಿ.ಕಾಂ. ಓದಿ, ಪರೀಕ್ಷೆ ಬರೆದು, ಬ್ಯಾಂಕಿನಲ್ಲಿ ಕ್ಲರ್ಕ್ ಆದವರು. ದಿನಾ ಪಾಸ್‌ಬುಕ್ ಎಂಟ್ರಿ, ಕ್ಯಾಶ್, ಕೆವೈಸಿ, ಬಂಗಾರದ ಸಾಲ, ಇಷ್ಟೇ ನಮ್ಮ ಪ್ರಪಂಚ. ಇವರು ಬಂದು ಆಟಿಸಂ ಬಗ್ಗೆ ಏನು ಹೇಳ್ತಾರೆ ಅಂತ ನಿಮಗೆ ಅನ್ನಿಸಬಹುದು. ನಮ್ಮ ಕೈಯಿಂದ ಒಂದು ತಪ್ಪಾಯ್ತು. ಆ ತಪ್ಪು ತಿದ್ದಿಕೊಳ್ಳೋಕೆ ಹೋಗಿ ಕಲಿತದ್ದನ್ನ ನಿಮ್ಮ ಮುಂದೆ ಇಡೋಕೆ ಬಂದಿದ್ದೀವಿ.

ಕೆಲವು ವರ್ಷದ ಹಿಂದಿನ ಮಾತು. ಕಲ್ಯಾಣದುರ್ಗದ ಕಡೆ, ಮನೆಯಲ್ಲಿ ಕನ್ನಡ ಆಡುವ ಒಂದು ಹಳ್ಳಿಯಿಂದ ಒಬ್ಬ ತಾಯಿ ಮಗನನ್ನ ಕರಕೊಂಡು ನಮ್ಮ ಕೌಂಟರಿಗೆ ಬಂದರು. ಹುಡುಗನಿಗೆ ಹತ್ತೊಂಬತ್ತು ವರ್ಷ. ಟೋಕನ್ ಮಿಷನ್ ಬೀಪ್ ಅಂದಾಗೆಲ್ಲ ಎರಡೂ ಕಿವಿ ಮುಚ್ಚಿಕೊಳ್ತಿದ್ದ, ಹಿಂದಕ್ಕೂ ಮುಂದಕ್ಕೂ ತೂಗಾಡ್ತಿದ್ದ. ಬೋರ್ಡಿನ ಮೇಲೆ ಬಂದ ನಂಬರನ್ನ ಮಾತ್ರ ಜೋರಾಗಿ, ಸ್ಪಷ್ಟವಾಗಿ ಓದ್ತಿದ್ದ. ಅದೂ ಕನ್ನಡದಲ್ಲಿ. "ನಲವತ್ತಾರು. ನಲವತ್ತೇಳು." ಸಾಲಿನಲ್ಲಿ ನಿಂತವರು ನಕ್ಕರು. ಒಬ್ಬರು ತೆಲುಗಿನಲ್ಲಿ "ಪಿಚ್ಚೋಡು" ಅಂದರು, ಇನ್ನೊಬ್ಬರು ಕನ್ನಡದಲ್ಲಿ "ಹುಚ್ಚ" ಅಂದರು. ಭಾಷೆ ಅಂದ್ರೆ ಜಗಳಕ್ಕೆ ನಿಲ್ಲೋ ನಾವೆಲ್ಲ ಈ ಒಂದು ವಿಷಯದಲ್ಲಿ ಮಾತ್ರ ಒಗ್ಗಟ್ಟು!

ಆ ತಾಯಿಗೆ ಬೇಕಾಗಿದ್ದು ಇಷ್ಟೇ. ತೀರಿಹೋದ ಗಂಡ ಮಗನ ಹೆಸರಲ್ಲಿ ಇಟ್ಟಿದ್ದ ಠೇವಣಿ ಬಲಿತಿತ್ತು, ಆ ಹಣ ತಗೋಬೇಕಾಗಿತ್ತು. ಮಗ ಮೈನರ್ ಆಗಿದ್ದಾಗ ಅಪ್ಪ ಸಹಿ ಮಾಡ್ತಿದ್ದರು. ಈಗ ಹದಿನೆಂಟು ದಾಟಿದೆ, ಅವನೇ ಸಹಿ ಮಾಡಬೇಕು. ಅವನಿಗೆ ಸಹಿ ಅಂದ್ರೆ ಏನು, ಹಣ ಅಂದ್ರೆ ಏನು ಅನ್ನೋದು ಗೊತ್ತಿರಲಿಲ್ಲ. ನಾವು ತಲೆ ಎತ್ತದೇ ಹೇಳಿದ್ವಿ: "ಕೋರ್ಟ್ ಆರ್ಡರ್ ತನ್ನಿ ಅಮ್ಮ." ಅವರು ಮೂರು ಸಲ ಬಸ್ಸು ಹತ್ತಿ ಬಂದರು. ಮೂರು ಸಲವೂ ನಾವು ಅದೇ ಉತ್ತರ ಕೊಟ್ಟಿದ್ದು. ಮೂರನೇ ಸಲ ಅವರು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಸಾರ್, ಕೋರ್ಟಿಗೆ ಹೋಗೋಕೆ ದುಡ್ಡು ಬೇಕು. ದುಡ್ಡು ನಿಮ್ಮ ಹತ್ರ ಇದೆ. ಏನ್ ಮಾಡ್ಲಿ ಹೇಳಿ."

ಅವತ್ತು ಸಂಜೆ ಕೂತು ಹಳೇ ಸರ್ಕ್ಯುಲರ್ ಹುಡುಕಿದ್ವಿ. ಸಿಕ್ಕಿತು. ರಿಸರ್ವ್ ಬ್ಯಾಂಕ್ 2007ರಲ್ಲೇ ಎಲ್ಲ ಬ್ಯಾಂಕುಗಳಿಗೂ ಹೇಳಿದೆ: ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆಯ ತೊಂದರೆ, ಬಹುವಿಧ ಅಂಗವೈಕಲ್ಯ ಇರುವವರ ಖಾತೆ ತೆರೆಯೋಕೆ, ನಡೆಸೋಕೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿ ಕೊಟ್ಟ ಪಾಲಕತ್ವದ ಸರ್ಟಿಫಿಕೇಟ್ ಸಾಕು. ಅಂಥವರ ತಂದೆ-ತಾಯಿಗೆ ಶಾಖೆಯವರೇ ಸರಿಯಾದ ದಾರಿ ತೋರಿಸಬೇಕು ಅಂತಲೂ ಅದರಲ್ಲಿದೆ. ಅಂದ್ರೆ ದಾರಿ ತೋರಿಸಬೇಕಾದ ನಾವೇ ಆ ತಾಯಿಗೆ ಬಾಗಿಲು ಹಾಕಿದ್ವಿ. ನಾವು ಓದಿರಲಿಲ್ಲ, ಅಷ್ಟೇ. ಆಮೇಲೆ ಅವರಿಗೆ ಸರ್ಟಿಫಿಕೇಟ್ ಆಯ್ತು, ಹಣವೂ ಸಿಕ್ಕಿತು. ಆದರೆ ಅಷ್ಟು ತಿಂಗಳು ಆ ಮನೆ ಏನು ಉಂಡಿತೋ, ಅದರ ಲೆಕ್ಕ ನಮ್ಮ ಯಾವ ಲೆಡ್ಜರಿನಲ್ಲೂ ಇಲ್ಲ.

ಅಲ್ಲಿಂದ ಈ ವಿಷಯ ನಮ್ಮನ್ನ ಬಿಟ್ಟಿಲ್ಲ.

ಮೊದಲು ಆಟಿಸಂ ಅಂದ್ರೆ ಏನು ಅನ್ನೋದು. ಕನ್ನಡದಲ್ಲಿ ಸ್ವಲೀನತೆ ಅಂತ ಬರೀತಾರೆ. ಇದು ರೋಗ ಅಲ್ಲ, ಅಂಟುವಂಥದ್ದಲ್ಲ, ಹುಚ್ಚೂ ಅಲ್ಲ. ಮಗುವಿನ ಮೆದುಳು ಮೊದಲಿಂದಲೇ ಬೇರೆ ರೀತಿ ಬೆಳೆದಿರುತ್ತೆ. ಬೇರೆಯವರ ಜೊತೆ ಬೆರೆಯೋದು, ಮಾತು ಸನ್ನೆ ಅರ್ಥ ಮಾಡ್ಕೊಳ್ಳೋದು ಕಷ್ಟ. ಒಂದೇ ಕೆಲಸ, ಒಂದೇ ಆಟ ಮತ್ತೆ ಮತ್ತೆ ಬೇಕು, ದಿನಚರಿ ಬದಲಾದ್ರೆ ತಡೆಯೋಕಾಗಲ್ಲ. ನಮಗೆ ಸಾಮಾನ್ಯ ಅನ್ನಿಸೋ ಸದ್ದು, ಬೆಳಕು, ಬಟ್ಟೆಯ ಹೊಲಿಗೆ ಕೆಲವರಿಗೆ ಮೈಮೇಲೆ ಬರೆ ಹಾಕಿದಷ್ಟು ನೋವು. ಎಲ್ಲರೂ ಒಂದೇ ಥರ ಇರಲ್ಲ. ಒಬ್ಬರು ಇಂಜಿನಿಯರ್ ಆಗಿ ಕೆಲಸ ಮಾಡ್ತಿರಬಹುದು, ಇನ್ನೊಬ್ಬರಿಗೆ ಇಪ್ಪತ್ತು ವರ್ಷವಾದರೂ ಮಾತು ಬರದೇ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಲ್ಲಿ 127 ಮಂದಿಗೆ ಒಬ್ಬರು. ಆ ಲೆಕ್ಕದಲ್ಲಿ ಸಾವಿರ ಜನ ಇರುವ ಊರಲ್ಲಿ ಏಳೆಂಟು ಜನ. ನಿಮ್ಮ ಊರಲ್ಲಿ ಒಬ್ಬರೂ ಕಾಣ್ತಿಲ್ಲ ಅಂದ್ರೆ, ಒಳಗೆ ಕೂಡಿಹಾಕಿರಬಹುದು, ಇಲ್ಲಾ ಬೇರೆ ಹೆಸರಿಟ್ಟು ಕರೀತಿರಬಹುದು. "ಮೂಗ", "ಮೊದ್ದು", "ಗಾಳಿ ಸೋಕಿದೆ", ಈ ಥರ.

ಇದಕ್ಕೆ ಯಾರು ಕಾರಣ ಅಂತ ಕೇಳೋದೇ ನಮ್ಮ ಮೊದಲ ಕೆಟ್ಟ ಚಾಳಿ. ತಪ್ಪೆಲ್ಲ ತಾಯಿ ತಲೆಗೇ ಕಟ್ಟೋದು. ಗ್ರಹಣದಲ್ಲಿ ಹೊರಗೆ ಬಂದಳು, ಕೆಲಸಕ್ಕೆ ಹೋದಳು, ಫೋನ್ ಕೊಟ್ಟಳು. ಹಳ್ಳಿಯವರು ಮಾತ್ರ ಹೀಗೆ ಅಂದ್ಕೋಬೇಡಿ. ಆಟಿಸಂ ಬಗ್ಗೆ ಡಾಕ್ಟರ್ ಲಿಯೋ ಕ್ಯಾನರ್ ಅಮೆರಿಕದಲ್ಲಿ ಮೊದಲು ವಿವರವಾಗಿ ಬರೆದದ್ದು 1943ರಲ್ಲಿ. ಆಮೇಲೆ ಸುಮಾರು ಇಪ್ಪತ್ತು ವರ್ಷ ಅಲ್ಲಿನ ಪಂಡಿತರೇ "ತಾಯಿಯ ಪ್ರೀತಿ ಸಾಲದ್ದಕ್ಕೆ ಮಗು ಹೀಗಾಗಿದೆ" ಅಂತ ನಂಬಿದ್ದರು. ಆಟಿಸಂ ಇದ್ದ ಮಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನ ತಳ್ಳಿಹಾಕಿದರು. ಲಸಿಕೆಯಿಂದ ಬರುತ್ತೆ ಅನ್ನೋದೂ ಅಷ್ಟೇ ಸುಳ್ಳು. 1998ರಲ್ಲಿ ಹಾಗೆ ಸಂಶಯ ಹುಟ್ಟಿಸಿದ ಇಂಗ್ಲೆಂಡಿನ ಡಾಕ್ಟರ್ ಆಂಡ್ರ್ಯೂ ವೇಕ್‌ಫೀಲ್ಡ್ ಲೇಖನವನ್ನ 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ವಾಪಸ್ ತಗೊಂಡಿತು, ಅದೇ ವರ್ಷ ಆತನ ವೈದ್ಯಕೀಯ ನೋಂದಣಿಯೂ ರದ್ದಾಯ್ತು. ವಾಟ್ಸಾಪಿನಲ್ಲಿ ಮಾತ್ರ ಆ ಸುಳ್ಳು ಇನ್ನೂ ಓಡಾಡ್ತಾ ಇದೆ. ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ.

ಇನ್ನೊಂದು ಮಾತು, ಇದು ಬ್ಯಾಂಕಿನವರಾಗಿ ಹೇಳೋದು. "ಪೂರ್ತಿ ವಾಸಿ ಮಾಡ್ತೀವಿ" ಅನ್ನುವವರನ್ನ ನಂಬಿ ತಾಳಿ ಬಂಗಾರ ಅಡ ಇಡೋಕೆ ಬಂದ ಅಪ್ಪ-ಅಮ್ಮಂದಿರನ್ನ ಕಂಡಿದ್ದೀವಿ. ಆಟಿಸಂನ ಅಳಿಸಿಹಾಕುವ ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಸ್ಟೆಮ್ ಸೆಲ್ ಅಂತ ಲಕ್ಷಗಟ್ಟಲೆ ಕೇಳ್ತಾರೆ, ಅದು ಆಟಿಸಂಗೆ ಒಪ್ಪಿತ ಚಿಕಿತ್ಸೆ ಅಲ್ಲ. ಮಾತು, ಆಟ, ದಿನನಿತ್ಯದ ಕೆಲಸ ನಿಧಾನಕ್ಕೆ ಕಲಿಸುವ ತರಬೇತಿಯಿಂದ ಅನುಕೂಲ ಆಗುತ್ತೆ. ಎಷ್ಟು ಬೇಗ ಶುರು ಮಾಡ್ತೀವೋ ಅಷ್ಟು ಒಳ್ಳೇದು.

ಆ "ಬೇಗ" ಅನ್ನೋದು ನಮ್ಮ ಕಡೆ ಆಗ್ತಾ ಇಲ್ಲ. "ಗಂಡುಮಕ್ಕಳು ತಡವಾಗಿಯೇ ಮಾತಾಡೋದು, ಅವರ ಮಾವನೂ ಹಂಗೇ ಇದ್ದ" ಅಂತ ಎರಡು ಮೂರು ವರ್ಷ ಕಳೀತೀವಿ. ಇಷ್ಟು ನೆನಪಿಟ್ಕೊಳ್ಳಿ. ಒಂದು ವರ್ಷ ತುಂಬಿದರೂ ಹೆಸರಿಡಿದು ಕರೆದರೆ ತಿರುಗಿ ನೋಡಲ್ಲ. ಒಂದೂವರೆ ವರ್ಷವಾದರೂ ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ. ಬರ್ತಿದ್ದ ಮಾತು ಇದ್ದಕ್ಕಿದ್ದಂತೆ ನಿಂತುಹೋಯ್ತು. ಇದರಲ್ಲಿ ಒಂದಿದ್ದರೂ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ, ಆಮೇಲೆ ಮಕ್ಕಳ ಡಾಕ್ಟರು. ಅಂಗನವಾಡಿಗೂ ಶಾಲೆಗೂ ಬರುವ ಆರ್‌ಬಿಎಸ್‌ಕೆ ಮಕ್ಕಳ ತಪಾಸಣೆ ಯೋಜನೆ 2013ರಿಂದ ಇದೆ, ಅದರ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಅಲ್ಲಿಂದ ಜಿಲ್ಲೆಯ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸ್ತಾರೆ. ಅಂಗನವಾಡಿ ಅಕ್ಕನಿಗೆ ಬಾಯಿಬಿಟ್ಟು ಹೇಳಿ, "ಈ ಮಗುವನ್ನ ಒಂದು ಸಲ ನೋಡಿಸಿ ಅಕ್ಕ" ಅಂತ.

ಈಗ ನಮ್ಮಂಥ ಗಡಿಭಾಗದವರಿಗೇ ಸೇರಿದ ಮಾತಿಗೆ ಬರ್ತೀವಿ. ಇವತ್ತು ನೀವು ಬೇರೆಲ್ಲ ಮರೆತರೂ ಇದೊಂದನ್ನ ಮರೀಬೇಡಿ.

ನಮ್ಮ ಮನೆಗಳಲ್ಲಿ ಭಾಷೆ ಹೇಗಿದೆ ನೋಡಿ. ಒಲೆ ಮುಂದೆ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್, ಟಿವಿಯಲ್ಲಿ ಹಿಂದಿ. ನಮಗೆ ಇದು ಹೊರೆ ಅನ್ನಿಸಿಲ್ಲ, ಇದೇ ನಮ್ಮ ಬದುಕು. ಆದರೆ ಮಗುವಿಗೆ ಮಾತು ಬರ್ತಾ ಇಲ್ಲ ಅಂದ ಕೂಡಲೇ ಯಾರೋ ಒಬ್ಬರು, ಕೆಲವು ಸಲ ಓದಿದವರೇ, ಹೇಳಿಬಿಡ್ತಾರೆ: "ಇಷ್ಟು ಭಾಷೆ ಕಿವಿಗೆ ಬಿದ್ದರೆ ಮಗು ತಬ್ಬಿಬ್ಬಾಗುತ್ತೆ. ಒಂದೇ ಭಾಷೆ ಇಟ್ಕೊಳ್ಳಿ." ಯಾವ ಒಂದು? ಶಾಲೆಗೆ ಬೇಕಾದ್ದು, ಇಂಗ್ಲಿಷೋ ತೆಲುಗೋ. ಬಿಡಬೇಕಾದ್ದು ಯಾವುದು? ಕನ್ನಡ. ಹೆದರಿದ ಅಪ್ಪ-ಅಮ್ಮ ಅವತ್ತಿಂದಲೇ ಮನೆಮಾತು ನಿಲ್ಲಿಸ್ತಾರೆ. ಗೊತ್ತಿರೋ ಹತ್ತಿಪ್ಪತ್ತು ಇಂಗ್ಲಿಷ್ ಪದದಲ್ಲಿ "ಕಮ್", "ಸಿಟ್", "ಈಟ್" ಅಂತ ಮಗುವನ್ನ ಬೆಳೆಸೋಕೆ ಹೊರಡ್ತಾರೆ. ಅಜ್ಜಿಗೆ ಇಂಗ್ಲಿಷ್ ಬರಲ್ಲ. ಅಜ್ಜಿಗೆ ಹೇಳ್ತಾರೆ, "ನೀನು ಮಾತಾಡಬೇಡ ಅಮ್ಮ, ಅವನಿಗೆ ಕನ್‌ಫ್ಯೂಸ್ ಆಗುತ್ತೆ." ದಿನವಿಡೀ ಮಗುವಿನ ಜೊತೆ ಇರುವುದು ಅಜ್ಜಿಯೇ. ಅವಳ ಬಾಯಿ ಕಟ್ಟಿದರೆ ಮಗುವಿನ ಕಿವಿಗೆ ಬೀಳೋ ಮಾತೇ ಕಮ್ಮಿ ಆಯ್ತಲ್ಲ!

ಇದಕ್ಕೆ ಆಧಾರ ಇದೆಯಾ ಅಂತ ಹುಡುಕಿ ನೋಡಿದ್ವಿ. ಇಲ್ಲ. ಕೆನಡಾದ ಮಾಂಟ್ರಿಯಲ್ ನಮ್ಮ ಹಿಂದೂಪುರದ ಹಾಗೇ ಎರಡು ಭಾಷೆಯ ಊರು, ಅಲ್ಲಿ ಫ್ರೆಂಚು ಮತ್ತೆ ಇಂಗ್ಲಿಷು. ಅಲ್ಲಿನ ಸಂಶೋಧಕರು ಆಟಿಸಂ ಇರುವ ಮಕ್ಕಳನ್ನೇ ನೋಡಿ 2012ರಲ್ಲಿ ಪ್ರಕಟಿಸಿದರು: ಎರಡು ಭಾಷೆ ಕೇಳಿ ಬೆಳೆದ ಮಕ್ಕಳಿಗೂ ಒಂದೇ ಭಾಷೆ ಕೇಳಿ ಬೆಳೆದ ಮಕ್ಕಳಿಗೂ ಮಾತಿನ ಬೆಳವಣಿಗೆಯಲ್ಲಿ ಹೆಚ್ಚಿನ ಹಿನ್ನಡೆ ಏನೂ ಕಾಣಲಿಲ್ಲ. ಆಮೇಲೆ ಬಂದ ಬೇರೆ ಅಧ್ಯಯನಗಳೂ ಹೆಚ್ಚುಕಮ್ಮಿ ಇದನ್ನೇ ಹೇಳಿವೆ. ಆಟಿಸಂ ಇರುವ ಮಗುವಿಗೆ ಮಾತು ತಡ ಆಗೋದು ಆಟಿಸಂನಿಂದ, ಕನ್ನಡದಿಂದ ಅಲ್ಲ.

ಮಗುವಿಗೆ ಬೇಕಾಗಿರೋದು ತುಂಬು ಮಾತು. ಉಣಿಸುವಾಗ, ನೀರು ಹಾಕುವಾಗ, ಹಸುವಿಗೆ ಮೇವು ಹಾಕುವಾಗ, ಸುಲಭವಾಗಿ, ಪ್ರೀತಿಯಿಂದ, ಬೈಯುವಾಗಲೂ ಬಾಯಿಗೆ ತಾನಾಗೇ ಬರೋ ಮಾತು. ಆ ಮಾತು ಅಮ್ಮನಿಗೆ, ಅಜ್ಜಿಗೆ ಯಾವ ಭಾಷೆಯಲ್ಲಿ ಬರುತ್ತೋ ಅದರಲ್ಲೇ ಆಡಲಿ. ನಮ್ಮದು ಕನ್ನಡ, ಪಕ್ಕದ ಮನೆಯವರದ್ದು ತೆಲುಗು, ಆಚೆ ಬೀದಿಯವರದ್ದು ಉರ್ದು. ಯಾರ ಮನೆಮಾತೂ ಬಿಡಿಸೋದು ಬೇಡ. ಶಾಲೆ ಭಾಷೆ ಶಾಲೆಯಲ್ಲಿ ಬರಲಿ, ನಿಧಾನಕ್ಕೆ ಬರುತ್ತೆ.

ಮೊದಲು ಹೇಳಿದ ಹುಡುಗ ನೆನಪಿದ್ದಾನಲ್ಲ, ಟೋಕನ್ ನಂಬರ್ ಕನ್ನಡದಲ್ಲಿ ಓದಿದವನು? ಆ ಅಂಕಿ ಯಾರು ಕಲಿಸಿದ್ದು ಅಂತ ಒಂದಿನ ಅವರ ತಾಯಿಯನ್ನ ಕೇಳಿದ್ವಿ. "ನಮ್ಮತ್ತೆ ಸಾರ್. ಹುಣಸೆಹಣ್ಣು ಬಡಿಯುವಾಗ ಬೀಜ ಎಣಿಸೋಕೆ ಕೂರಿಸ್ಕೊಳ್ತಿದ್ದರು. ನೂರರವರೆಗೂ ಬರುತ್ತೆ." ಶಾಲೆಯಿಂದ ಎರಡನೇ ಕ್ಲಾಸಿಗೇ ಬಿಡಿಸಿ ಕಳಿಸಿದ ಹುಡುಗ. ಅವನಿಗಿರೋ ಅಷ್ಟೂ ಲೆಕ್ಕ, ಅಷ್ಟೂ ಮಾತು ಅಜ್ಜಿ ಕೊಟ್ಟಿದ್ದು. ಅಜ್ಜಿಯ ಬಾಯಿ ಮುಚ್ಚಿಸಿದ್ದರೆ ಅದೂ ಇರ್ತಿರಲಿಲ್ಲ.

ಶಾಲೆ ಅಂದಮೇಲೆ ಕಾನೂನು ಏನು ಹೇಳುತ್ತೆ ನೋಡೋಣ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದು ಗುರುತಿಸಿದ 21 ಬಗೆಯಲ್ಲಿ ಆಟಿಸಂ ಒಂದು. ಸರ್ಕಾರಿ ಶಾಲೆಯಾಗಲಿ ಅನುದಾನಿತ ಶಾಲೆಯಾಗಲಿ, ಅಂಗವೈಕಲ್ಯದ ಕಾರಣ ಹೇಳಿ ಸೇರಿಸ್ಕೊಳ್ಳಲ್ಲ ಅನ್ನೋ ಹಾಗಿಲ್ಲ. ಶೇ. 40ಕ್ಕೆ ಕಮ್ಮಿ ಇಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಇನ್ನು 17ನೇ ಸೆಕ್ಷನ್ ಓದಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯೋಕೆ ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವು ಮೂರೂ ಅದರಲ್ಲಿವೆ. ಮೂರು ಮೂರು ಭಾಷೆ ಹೊರುವ ಗಡಿಭಾಗದ ಮಗುವಿಗೆ ಇದು ಎಷ್ಟು ದೊಡ್ಡದು ಯೋಚನೆ ಮಾಡಿ! ಪರೀಕ್ಷೆ ಹತ್ತಿರ ಬಂದಾಗ ಓಡಾಡಬೇಡಿ, ವರ್ಷದ ಶುರುವಿನಲ್ಲೇ ಹೆಡ್‌ಮಾಸ್ಟರಿಗೆ ಅರ್ಜಿ ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಹಾಕಿಸ್ಕೊಳ್ಳಿ. ಆಂಧ್ರದ ಮಂಡಲಗಳಲ್ಲಿ ಸಮಗ್ರ ಶಿಕ್ಷಾ ಕೆಳಗೆ 'ಭವಿತ' ಕೇಂದ್ರಗಳಿವೆ, ವಿಶೇಷ ಅಗತ್ಯದ ಮಕ್ಕಳಿಗೇ ಅಂತ. ನಿಮ್ಮ ಮಂಡಲದಲ್ಲಿ ಅದು ಎಲ್ಲಿದೆ ಅಂತ ಈ ವಾರವೇ ಹೋಗಿ ನೋಡಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಬೇಕು ಅನ್ನುವ ಸಂವಿಧಾನದ 350ಎ ವಿಧಿ ನಮಗೆಲ್ಲ ಬಾಯಿಪಾಠ. ಆ ಹಕ್ಕು ಮಾತು ಬರದ ಮಗುವಿಗೂ ಇದೆ ಅನ್ನೋದು ಮಾತ್ರ ನಮ್ಮ ಭಾಷಣಗಳಲ್ಲಿ ಇಲ್ಲಿವರೆಗೆ ಬಂದಿಲ್ಲ.

ಇನ್ನು ಕಾಗದ ಪತ್ರದ ವಿಷಯ. ನಮ್ಮವರ ಕಷ್ಟ ಏನು ಅಂದ್ರೆ, ತೋರಿಸೋಕೆ ಹೋಗೋದು ಒಂದು ರಾಜ್ಯ, ಕಾಗದ ಮಾಡಿಸೋದು ಇನ್ನೊಂದು ರಾಜ್ಯ. ಹಿಂದೂಪುರದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್, ರೈಲು ಹತ್ತಿದರೆ ಆಯ್ತು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ವಿಭಾಗ ಇದೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲೇ ಹೇಳ್ಕೋಬಹುದು, ಅದಕ್ಕೇ ನಮ್ಮವರು ಅಲ್ಲಿಗೆ ಹೋಗೋದು. ಆದರೆ ಅಂಗವೈಕಲ್ಯದ ಸರ್ಟಿಫಿಕೇಟನ್ನ ಸಾಮಾನ್ಯವಾಗಿ ಮಾಡಿಸೋದು ನಾವು ವಾಸ ಇರೋ ಜಿಲ್ಲೆಯಲ್ಲಿ. ಹಿಂದೂಪುರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆ, ಅವರಿಗೆ ಪುಟ್ಟಪರ್ತಿ. ಕಲ್ಯಾಣದುರ್ಗದವರಿಗೆ ಅನಂತಪುರ. ಅಲ್ಲಿ ಎಲ್ಲಾ ತೆಲುಗು.

ಹಂತ ಹಂತವಾಗಿ ಹೇಳ್ತೀವಿ. ಮೊದಲು ಗ್ರಾಮ ಸಚಿವಾಲಯದಲ್ಲೋ ಮೀಸೇವಾದಲ್ಲೋ 'ಸದರಂ' ಸ್ಲಾಟ್. ಆಟಿಸಂ ಅಳೆಯೋಕೆ ಐಎಸ್‌ಎಎ ಅನ್ನೋ ಭಾರತದ್ದೇ ಅಳತೆ ಇದೆ. 40 ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70ಕ್ಕಿಂತ ಕಮ್ಮಿ ಬಂದರೆ ಆಟಿಸಂ ಇಲ್ಲ ಅಂತ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಅಂಕ ಹಾಕೋದು ಮಗುವನ್ನ ನೋಡಿ, ಅಪ್ಪ-ಅಮ್ಮನ್ನ ಕೇಳಿ. ಅಲ್ಲೇ ನಮ್ಮ ತೊಂದರೆ. ತೆಲುಗಿನಲ್ಲಿ ಕೇಳಿದ ಪ್ರಶ್ನೆ ತಾಯಿಗೆ ಅರ್ಧ ಅರ್ಥ ಆಗುತ್ತೆ, ಆಫೀಸರ್ ಮುಂದೆ ಹೆದರಿಕೆ ಬೇರೆ. "ಬಾಗುನ್ನಾಡು ಸಾರ್" ಅಂತ ತಲೆ ಆಡಿಸಿ ಬಂದುಬಿಡ್ತಾಳೆ. ರಾತ್ರಿ ಮೂರು ಗಂಟೆವರೆಗೆ ಮಲಗಲ್ಲ, ತಲೆ ಗೋಡೆಗೆ ಹೊಡ್ಕೊಳ್ತಾನೆ ಅನ್ನೋದನ್ನ ಹೇಳೋದೇ ಇಲ್ಲ. ಅಂಕ ಕಮ್ಮಿ ಆಗುತ್ತೆ, ಸರ್ಟಿಫಿಕೇಟು ತಪ್ಪುತ್ತೆ. ಜೊತೆಗೆ ಎರಡೂ ಭಾಷೆ ಬಲ್ಲ ಒಬ್ಬ ತಮ್ಮನೋ ತಂಗಿಯೋ ಇದ್ದಿದ್ದರೆ? ಸುಳ್ಳು ಸೇರಿಸೋದು ಬೇಡ, ಇರೋದನ್ನ ಇದ್ದ ಹಾಗೆ ಹೇಳೋಕೆ ಒಂದು ಬಾಯಿ ಸಾಕು. ಹಿಂದಿನ ರಾತ್ರಿ ತಾಯಿ ಜೊತೆ ಕೂತು ಮಗುವಿನ ಒಂದು ದಿನ ಹೇಗಿರುತ್ತೆ ಅಂತ ಒಂದು ಹಾಳೆಯಲ್ಲಿ ಬರ್ಕೊಂಡು ಹೋಗಿ. ಬೆಂಗಳೂರಿನ ರಿಪೋರ್ಟೂ ಜೊತೆಗಿರಲಿ.

ಶೇ. 40ರ ಮೇಲೆ ಬಂದರೆ ಎನ್‌ಟಿಆರ್ ಭರೋಸಾ ಪೆನ್ಷನ್, 2024ರ ಜುಲೈನಿಂದ ತಿಂಗಳಿಗೆ 6,000 ರೂಪಾಯಿ, ಅದಕ್ಕೆ ಅರ್ಜಿ ಹಾಕಬಹುದು. ಯುಡಿಐಡಿ ಕಾರ್ಡ್ ಮಾಡಿಸಿ. ಅಂಗವೈಕಲ್ಯದ ಸರ್ಟಿಫಿಕೇಟು ದೇಶದಲ್ಲೆಲ್ಲ ಚಲಾವಣೆ ಅಂತ ಕಾಯ್ದೆಯಲ್ಲೇ ಇದೆ, ಗಡಿ ದಾಟಿದ ಕೂಡಲೇ ಬೆಲೆ ಕಳ್ಕೊಳ್ಳಲ್ಲ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆ ಇದೆ, ವರ್ಷಕ್ಕೆ ಒಂದು ಲಕ್ಷದವರೆಗೆ. ಥೆರಪಿ ಖರ್ಚಿಗೂ ಅದರಲ್ಲಿ ಒಂದು ಮಿತಿಯೊಳಗೆ ಜಾಗ ಇದೆ. ಬಿಲ್ಲು ಬಿಸಾಡಬೇಡಿ. ಮನೆಯಲ್ಲಿ ಯಾರಾದರೂ ಟ್ಯಾಕ್ಸ್ ಕಟ್ಟುವವರಿದ್ದರೆ, ಹಳೇ ಪದ್ಧತಿಯಲ್ಲಿ 75,000, ಶೇ. 80 ಅಥವಾ ಅದಕ್ಕೆ ಮೇಲಿನ ತೀವ್ರತೆ ಇದ್ದರೆ 1,25,000 ರೂಪಾಯಿ ಕಡಿತ. ಆಟಿಸಂಗೆ ಅದಕ್ಕೆ ಅಂತಲೇ ಇರೋ ಫಾರಂ ಬೇಕು. ಹೊಸ ಪದ್ಧತಿ ಆರಿಸಿದವರಿಗೆ ಇದು ಸಿಗಲ್ಲ. ಮೇಷ್ಟ್ರುಗಳೇ, ರೈಲ್ವೆಯವರೇ, ಆರಿಸೋ ಮುಂಚೆ ಲೆಕ್ಕ ಹಾಕಿ.

ಕೊನೆಗೆ ನಮ್ಮ ಕೌಂಟರಿನ ಪಾಠ. ಹದಿನೆಂಟು ತುಂಬೋ ಮುಂಚೆಯೇ ಯೋಚನೆ ಮಾಡಿ. ಆಟಿಸಂ ಇರುವ ಎಲ್ಲರಿಗೂ ಪಾಲಕರು ಬೇಕಿಲ್ಲ. ಹಣ ಅರ್ಥ ಆಗುವವರು ತಮ್ಮ ಖಾತೆ ತಾವೇ ನಡೆಸಬಹುದು, ಅದು ಅವರ ಹಕ್ಕು, 2016ರ ಕಾಯ್ದೆಯ 13ನೇ ಸೆಕ್ಷನ್ ಅದನ್ನೇ ಹೇಳೋದು. ಆಗದೇ ಇರುವವರಿಗೆ ಮಾತ್ರ ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರ ಪ್ರಕಾರ ಕಲೆಕ್ಟರ್ ಇರುವ ಸ್ಥಳೀಯ ಸಮಿತಿಗೆ ಅರ್ಜಿ. ತಂದೆ-ತಾಯಿ ಹಾಕಬಹುದು, ಸಂಬಂಧಿಕರೂ ಹಾಕಬಹುದು. ಆ ಸರ್ಟಿಫಿಕೇಟ್ ತಂದರೆ ಬ್ಯಾಂಕಿನವರು ಕೋರ್ಟಿಗೆ ಹೋಗಿ ಅನ್ನೋ ಹಾಗಿಲ್ಲ. ಯಾರಾದರೂ ಅಂದರೆ, "ರಿಸರ್ವ್ ಬ್ಯಾಂಕಿನ ನಿಯಮ ನೋಡಿ ಸಾರ್" ಅಂತ ಮರ್ಯಾದೆಯಿಂದಲೇ ಹೇಳಿ. ನಮ್ಮಂಥವರು ಓದಿರಲ್ಲ.

ಕಾನೂನು, ಕಾಗದ ಎಲ್ಲಾ ಆದಮೇಲೂ ಉಳಿಯೋದು ಮನೆಯ ಒಂಟಿತನ. ಆಟಿಸಂ ಇರುವ ಮಗು ಇರುವ ಮನೆಗೆ ಮೊದಲು ನಿಲ್ಲೋದು ಕರೆಯೋಲೆ. ಮದುವೆಗೆ ಕರೀತಾರೆ, "ಮಗುವನ್ನ ಯಾರ ಹತ್ರನಾದ್ರೂ ಬಿಟ್ಟು ಬನ್ನಿ" ಅಂತ ಸೇರಿಸ್ತಾರೆ. ತಾಯಿ ಜಾತ್ರೆಗೆ ಹೋಗಲ್ಲ, ತವರಿಗೆ ಹೋಗಲ್ಲ. ಅಕ್ಕನಿಗೆ ಗಂಡು ನೋಡೋಕೆ ಬರ್ತಾರೆ ಅಂದ್ರೆ ತಮ್ಮನನ್ನ ಹಿತ್ತಲ ಕೋಣೆಗೆ ಹಾಕ್ತಾರೆ. ಆ ಅಕ್ಕ ನಿಮ್ಮ ಕ್ಲಾಸ್‌ಮೇಟ್ ಆಗಿರಬಹುದು. ನಿಮಗೆ ಗೊತ್ತೇ ಇರಲ್ಲ.

ನೀವು ಏನು ಮಾಡಬಹುದು? ದೊಡ್ಡದೇನೂ ಬೇಡ. ಸಲಹೆ ಕೊಡೋದು ಬಿಡಿ. ಯಾವ ದೇವರಿಗೆ ಹರಕೆ, ಯಾವ ಊರಿನ ಔಷಧಿ, ಇದನ್ನೆಲ್ಲ ಆ ಮನೆಯವರು ನೂರು ಸಲ ಕೇಳಿದ್ದಾರೆ. ವಾರಕ್ಕೆ ಒಂದು ಗಂಟೆ ಆ ಮಗುವಿನ ಜೊತೆ ಇರಿ, ಅಮ್ಮ ಒಂದು ಗಂಟೆ ಮಲಗಲಿ. ಮಗು ಕಣ್ಣು ಕೊಟ್ಟು ನೋಡದಿದ್ದರೆ ಗದ್ದ ಹಿಡಿದು ತಿರುಗಿಸಬೇಡಿ. ಕಿವಿ ಮುಚ್ಕೊಂಡರೆ ಸದ್ದು ಕಮ್ಮಿ ಮಾಡಿ. ಗಣೇಶನ ಮೆರವಣಿಗೆ ಆ ಬೀದಿಗೆ ಬಂದಾಗ ಡಿಜೆ ಹತ್ತು ನಿಮಿಷ ನಿಲ್ಲಿಸೋಕೆ ನಿಮಗೆ ಆಗಲ್ವಾ? ರಾಜ್ಯೋತ್ಸವಕ್ಕೆ ಬಾವುಟ ಕಟ್ಟುವಾಗ ಒಂದು ಕೊನೆ ಅವನ ಕೈಗೆ ಕೊಡಿ. ಬೀಳುತ್ತೆ, ಬೀಳಲಿ, ಮತ್ತೆ ಕಟ್ಟೋಣ. ಆ ಅಪ್ಪ-ಅಮ್ಮಂದಿರಿಗೆ ಮನಸ್ಸು ಕುಸಿದಿದೆ ಅನ್ನಿಸಿದರೆ 14416, ಟೆಲಿ ಮಾನಸ್ ಸಹಾಯವಾಣಿ ನಂಬರ್ ಕೊಡಿ. 2022ರಿಂದ ಇದೆ, ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ.

ಕಲ್ಯಾಣದುರ್ಗದಲ್ಲಿ ಮಾತು ಮುಗಿದ ಮೇಲೆ ಒಬ್ಬ ತಂದೆ ಹತ್ತಿರ ಬಂದು ಕೇಳಿದರು: "ನಾವು ಹೋದ ಮೇಲೆ ಇವನಿಗೆ ಯಾರು ಸಾರ್?" ನಮ್ಮ ಹತ್ರ ಉತ್ತರ ಇರಲಿಲ್ಲ. ಕಾಯ್ದೆ ಹೇಳಬಹುದು, ಸಮಿತಿ ಹೇಳಬಹುದು. ಅವರು ಕೇಳಿದ್ದು ಅದನ್ನಲ್ಲ. ಅವರು ಕೇಳಿದ್ದು, ಈ ಊರಲ್ಲಿ ಅವನನ್ನ ಹೆಸರಿಡಿದು ಕರೆಯೋರು ಯಾರಾದರೂ ಉಳಿತಾರಾ ಅಂತ.

ಅದಕ್ಕೇ ನಾವು ಕೆಲವರು ಒಂದು ತೀರ್ಮಾನ ಮಾಡಿದ್ದೀವಿ. ನಮ್ಮ ನಮ್ಮ ಊರಲ್ಲಿ ಎರಡು ಭಾಷೆ ಓದೋಕೆ ಬರೆಯೋಕೆ ಬರುವ ಇಬ್ಬರು, ಒಬ್ಬ ಹುಡುಗ ಒಬ್ಬ ಹುಡುಗಿ, ಇಂಥ ಒಂದು ಮನೆಯ ಜೊತೆ ನಿಲ್ಲೋದು. ಸ್ಲಾಟ್ ಬುಕ್ ಮಾಡೋದು, ಆಸ್ಪತ್ರೆಗೆ ಜೊತೆಗೆ ಹೋಗೋದು, ಫಾರಂ ತುಂಬೋದು. ಬ್ಯಾಂಕಿನ ಕೆಲಸ ನಮಗೆ ಬಿಡಿ, ಭಾನುವಾರ ಕೂತು ಮಾಡಿಕೊಡ್ತೀವಿ. ಆ ಮನೆಯವರ ಫೋಟೋ ತೆಗೆದು ಈ ಪೇಜಿಗೆ ಮಾತ್ರ ಹಾಕಬೇಡಿ. ಅವರ ಕಷ್ಟ ನಮ್ಮ ಪೋಸ್ಟಿಗೆ ಸರಕಲ್ಲ.

ಇಷ್ಟು ವರ್ಷ ಎರಡು ರಾಜ್ಯದ ನಡುವೆ ಸಿಕ್ಕಿಹಾಕಿಕೊಂಡಿದ್ದೀವಿ ಅಂತ ನಾವು ಗೋಳಾಡಿದ್ದೇ ಆಯ್ತು. ಎರಡು ಭಾಷೆ ಬಲ್ಲ ನಮ್ಮ ನಾಲಿಗೆ ಯಾರಿಗೆ ಬೇಕಾಗಿದೆ ಅಂತ ಈಗ ಗೊತ್ತಾಯ್ತಲ್ಲ? ಕೈ ಎತ್ತುವವರು ಕಾಮೆಂಟಿನಲ್ಲಿ ನಿಮ್ಮ ಮಂಡಲದ ಹೆಸರು ಮಾತ್ರ ಬರೀರಿ. ಮಿಕ್ಕಿದ್ದು ನಾವೇ ಮಾತಾಡ್ತೀವಿ.

ಸಿರಿಗನ್ನಡಂ ಗೆಲ್ಗೆ.